ಕೀಲ್‌ಗೆ ಕೊಡುವ ದುಡ್ಡು ಯಾವುದಕ್ಕೆ? ಜಿಸಿಸಿ, ಎಸ್‌ಡಿಸಿಸಿ ಜೊತೆ ಇಟ್ಟು ನೋಡಿದಾಗ

ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಸಿ ಕೋಡು ಬರೆದು ಕಟ್ಟುವ ತಂತ್ರಾಂಶವಾದ ಕೀಲ್ ದುಡ್ಡಿನ ಸಾಮಾನು ಎಂದು ಹೆಚ್ಚಿನವರಿಗೆ ಗೊತ್ತಾಗುವುದು ಎಲ್6050ಯು ಎಂಬ ಲಿಂಕರ್ (ಕೋಡಿನ ತುಣುಕುಗಳನ್ನು ಜೋಡಿಸುವ ಪ್ರೋಗ್ರಾಮು) ದೋಷ ಕಂಡ ದಿನ. ಅಲ್ಲಿಯವರೆಗೆ ಕೀಲ್‌ನ ಯುವಿಷನ್ ಎಂಬ ಕಿಟಕಿಯಲ್ಲಿ ಎಲ್ಲವೂ ಸಲೀಸು: ಎಲ್‌ಇಡಿ ಮಿನುಗುತ್ತದೆ, ಸೀರಿಯಲ್ ಪೋರ್ಟು ಮಾತಾಡುತ್ತದೆ, ಎಲ್‌ಸಿಡಿಯಲ್ಲಿ ಹೆಸರು ಬರುತ್ತದೆ. ಬಣ್ಣದ ಡಿಸ್‌ಪ್ಲೇಗೆಂದು ಒಂದು ಫಾಂಟ್ ಟೇಬಲ್ಲನ್ನೋ, ಯುಎಸ್‌ಬಿ ಸ್ಟ್ಯಾಕನ್ನೋ ಸೇರಿಸಿ ಬಿಲ್ಡ್ ಒತ್ತಿದರೆ, ಈ ಆವೃತ್ತಿಗೆ ಅನುಮತಿಸಿದ ಗಾತ್ರ ಮೀರಿದೆ ಎಂದು ಹೇಳಿ ಲಿಂಕರ್ ನಿಂತುಬಿಡುತ್ತದೆ. ಉಚಿತ ಇವ್ಯಾಲ್ಯುಯೇಷನ್ ಆವೃತ್ತಿಯ ಮಿತಿ 32 ಕಿಲೋಬೈಟ್. ಕೋಡಿನ ಜೊತೆಗೆ ಡೇಟಾ ಕೂಡ ಆ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಫಂಕ್ಷನ್‌ಗಳನ್ನು ಎಷ್ಟೇ ಕತ್ತರಿಸಿದರೂ ಚಿತ್ರ, ಫಾಂಟು, ಸೈನ್ ಟೇಬಲ್‌ಗಳು ಜಾಗ ತಿನ್ನುತ್ತಲೇ ಇರುತ್ತವೆ.

ಆಗ ಏಳುವ ಪ್ರಶ್ನೆಗೆ ಈ ವಿಮರ್ಶೆ: ಲೈಸೆನ್ಸು ಕೊಳ್ಳಬೇಕೇ, ಮುಕ್ತ ಕಂಪೈಲರ್‌ಗಳಾದ ಜಿಸಿಸಿ (ಆರ್ಮ್ ಚಿಪ್‌ಗಳಿಗೆ), ಎಸ್‌ಡಿಸಿಸಿಗೆ (8051ಕ್ಕೆ) ಹೋಗಬೇಕೇ? ಆರ್ಮ್ ಕಂಪನಿ ವಿನ್ಯಾಸದ ಕಾರ್ಟೆಕ್ಸ್-ಎಂ ಚಿಪ್‌ಗಳಿಗೆ ಬರೀ ಕೋಡು ಕಂಪೈಲ್ ಮಾಡಲು ದುಡ್ಡು ಕೊಡಬೇಕಾದ ಕಾಲ ಮುಗಿದಿದೆ. ಕೀಲ್‌ಗೆ ಈಗ ಕೊಡುವ ಹಣ ಹೋಗುವುದು ಸುರಕ್ಷತಾ ಪ್ರಮಾಣಪತ್ರಕ್ಕೆ, ಡಿಬಗರ್‌ನಲ್ಲಿ ಕಾಣುವ ನೋಟಕ್ಕೆ, ಕಷ್ಟ ಬಂದಾಗ ಉತ್ತರ ಕೊಡುವ ಬೆಂಬಲಕ್ಕೆ. 8051 ಎಂಬ ಹಳೆಯ 8-ಬಿಟ್ ಚಿಪ್ಪಿನ ಮಾತೇ ಬೇರೆ. ಅಲ್ಲಿ ಕೀಲ್‌ನ ಕಂಪೈಲರ್ ಇಂದಿಗೂ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಕೀಲ್ ಹುಟ್ಟಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ, ಗುಂಟರ್ ಮತ್ತು ರೈನ್‌ಹಾರ್ಡ್ ಕೈಲ್ ಅವರಿಂದ. 1988ರಲ್ಲಿ ಬಂದ ಸಿ51, 8051ಕ್ಕೆಂದೇ ಬುಡದಿಂದ ಕಟ್ಟಿದ ಸಿ ಕಂಪೈಲರ್. 2005ರಲ್ಲಿ ಆರ್ಮ್ ಕಂಪನಿ ಕೀಲ್ ಅನ್ನು ಕೊಂಡಿತು. ವಿಟಿಯು ಅಡಿಯ ಎಂಜಿನಿಯರಿಂಗ್ ಕಾಲೇಜುಗಳ ಮೈಕ್ರೋಕಂಟ್ರೋಲರ್ ಲ್ಯಾಬುಗಳಲ್ಲಿ ಮೊದಲು 8051, ಬಳಿಕ ಎಲ್‌ಪಿಸಿ2148 ಬೋರ್ಡಿನ ಜೊತೆಗೆ ಇದೇ ಯುವಿಷನ್ ಬೇರೂರಿದೆ. ಲ್ಯಾಬ್ ಮ್ಯಾನ್ಯುಯಲ್ಲುಗಳಲ್ಲಿ ‘ನ್ಯೂ ಪ್ರಾಜೆಕ್ಟ್, ಸೆಲೆಕ್ಟ್ ಡಿವೈಸ್’ ಎಂದು ಶುರುವಾಗುವ ಹಂತಗಳನ್ನು ಓದಿದವರಿಗೆ ಬೇರೆ ದಾರಿಯೂ ಇದೆ ಎನ್ನುವುದೇ ಹೊಳೆಯುವುದಿಲ್ಲ.

ಕಂಪೈಲರ್‌ನ ಒಳಗೆ ಏನಿದೆ ಎಂಬುದನ್ನು ಗಮನಿಸಬೇಕು. ಆರ್ಮ್ ಚಿಪ್‌ಗಳಿಗೆಂದಿರುವ ಕೀಲ್‌ನ ಎಂಡಿಕೆಯಲ್ಲಿ ಬಹುಕಾಲ ಇದ್ದದ್ದು ಆರ್ಮ್ ಕಂಪೈಲರ್ 5, ಆರ್ಮ್‌ನದೇ ಸ್ವಂತ ಸರಕು. ಅದರ ಜಾಗಕ್ಕೆ ಬಂದಿರುವ ಆರ್ಮ್ ಕಂಪೈಲರ್ 6 ನಿಂತಿರುವುದು ಎಲ್‌ಎಲ್‌ವಿಎಂ ಮತ್ತು ಕ್ಲ್ಯಾಂಗ್ ಎಂಬ ಮುಕ್ತ ಆಕರ ಯೋಜನೆಗಳ ಮೇಲೆ. ಎಂಡಿಕೆ 5.37ರಿಂದ ಈಚೆಗೆ ಕಂಪೈಲರ್ 5 ಪೆಟ್ಟಿಗೆಯಲ್ಲೇ ಬರುವುದಿಲ್ಲ, ಬೇಕಿದ್ದವರು ಬೇರೆಯಾಗಿ ಹಾಕಿಕೊಳ್ಳಬೇಕು. ಇನ್ನೊಂದೆಡೆ ಜಿಸಿಸಿಯ ಆರ್ಮ್ ಆವೃತ್ತಿಯನ್ನು ಕಟ್ಟಿ, ಪರೀಕ್ಷಿಸಿ, ಪುಕ್ಕಟೆ ಹಂಚುತ್ತಿರುವುದೂ ಆರ್ಮ್ ಕಂಪನಿಯೇ. ಹೀಗಾಗಿ ವಾಣಿಜ್ಯ ಕಂಪೈಲರ್ ಒಳ್ಳೆಯದು, ಮುಕ್ತ ಕಂಪೈಲರ್ ಹವ್ಯಾಸಿಗಳದು ಎಂಬ ಹಳೆಯ ನಂಬಿಕೆಗೆ ಈಗ ಆಧಾರವಿಲ್ಲ.

ಕೀಲ್ ನಿಜಕ್ಕೂ ಚೆನ್ನಾಗಿ ಮಾಡುವುದು

ಮೊದಲನೆಯದು ಡಿಬಗರ್. ಚಿಪ್ಪಿನ ಹೆಸರು ಆರಿಸಿ ಪ್ಯಾಕ್ ಹಾಕಿಕೊಂಡರೆ ಸಾಕು, ಎಲ್ಲ ಪೆರಿಫೆರಲ್ (ಟೈಮರು, ಪೋರ್ಟಿನಂಥ ಚಿಪ್ಪಿನೊಳಗಿನ ಘಟಕ) ರಿಜಿಸ್ಟರುಗಳು ಹೆಸರು ಸಮೇತ, ಬಿಟ್ ಸಮೇತ ತೆರೆದುಕೊಳ್ಳುತ್ತವೆ. ಕೀಲ್‌ನ ಆರ್‌ಟಿಎಕ್ಸ್ ಎಂಬ ರಿಯಲ್-ಟೈಮ್ ಓಎಸ್ ಬಳಸುತ್ತಿದ್ದರೆ ಯಾವ ಥ್ರೆಡ್ ಎಲ್ಲಿ ಕಾಯುತ್ತಿದೆ, ಯಾರ ಸ್ಟ್ಯಾಕ್ ಎಷ್ಟು ತುಂಬಿದೆ ಎಂಬುದು ಒಂದೇ ಕಿಟಕಿಯಲ್ಲಿ ಸಿಗುತ್ತದೆ. ಪ್ರಿಂಟ್‌ಎಫ್ ಬರೆಯದೆಯೇ ಘಟನೆಗಳನ್ನು ಸಮಯದೊಡನೆ ದಾಖಲಿಸುವ ಇವೆಂಟ್ ರೆಕಾರ್ಡರ್ ಕೂಡ ಒಳ್ಳೆಯ ಕೆಲಸ. 8051 ಮತ್ತು ಎಲ್‌ಪಿಸಿ2148ಕ್ಕೆ ಇರುವ ಸಿಮ್ಯುಲೇಟರು ಬೋರ್ಡೇ ಇಲ್ಲದೆ ಟೈಮರು, ಪೋರ್ಟು, ಸೀರಿಯಲ್ ವಿಂಡೋ, ಲಾಜಿಕ್ ಅನಲೈಸರ್ ಎಲ್ಲವನ್ನೂ ತೋರಿಸುತ್ತದೆ. ಅರವತ್ತು ಮಕ್ಕಳಿಗೆ ಹತ್ತು ಬೋರ್ಡು ಇರುವ ಲ್ಯಾಬಿನಲ್ಲಿ ಇದರ ಬೆಲೆ ದೊಡ್ಡದು, ಇದಕ್ಕೆ ಸರಿಸಾಟಿಯಾದದ್ದು ಮುಕ್ತ ಜಗತ್ತಿನಲ್ಲಿ ಇನ್ನೂ ಇಲ್ಲ.

ಎರಡನೆಯದು ಮೈಕ್ರೋಲಿಬ್ ಎಂಬ ಪುಟ್ಟ ಸಿ ಲೈಬ್ರರಿ. ಗಾತ್ರದಲ್ಲಿ ಕೀಲ್ ಗೆಲ್ಲುವುದು ಬಹುಪಾಲು ಇಲ್ಲಿಂದಲೇ. ನೀವು ಬರೆದ ಕೋಡಿನಲ್ಲಿ ಕೀಲ್ ಮತ್ತು ಜಿಸಿಸಿ ಕಂಪೈಲರ್‌ಗಳ ಅಂತರ ಅಷ್ಟಾಗಿ ಕಾಣುವುದಿಲ್ಲ.

ಮೂರನೆಯದು ಪ್ರಮಾಣಪತ್ರ. ಆರ್ಮ್‌ನ ಫಂಕ್ಷನಲ್ ಸೇಫ್ಟಿ ಕಂಪೈಲರ್‌ಗೆ ಟಿಯುವಿ ಸೂಡ್ ಸಂಸ್ಥೆಯ ಮನ್ನಣೆ ಇದೆ: ವಾಹನಗಳಿಗೆ ಐಎಸ್ಒ 26262, ಕೈಗಾರಿಕೆಗೆ ಐಇಸಿ 61508, ವೈದ್ಯಕೀಯ ಉಪಕರಣಗಳಿಗೆ ಐಇಸಿ 62304. ಬ್ರೇಕ್ ಕಂಟ್ರೋಲರನ್ನೋ ಇನ್‌ಫ್ಯೂಷನ್ ಪಂಪನ್ನೋ ಮಾಡುವವರಿಗೆ ಲೆಕ್ಕ ಸರಳ. ಜಿಸಿಸಿಯನ್ನು ನೀವೇ ಅರ್ಹಗೊಳಿಸಬಹುದು, ಯಾರೂ ಬೇಡವೆನ್ನುವುದಿಲ್ಲ. ಆದರೆ ಪರೀಕ್ಷಾ ಸೂಟ್ ಕೊಂಡು, ನೀವು ಬಳಸುವ ಪ್ರತಿಯೊಂದು ಆಯ್ಕೆಗೂ ಅದನ್ನು ಓಡಿಸಿ, ತಪ್ಪುಗಳ ಪಟ್ಟಿ ಮಾಡಿ, ಅವು ನಿಮ್ಮ ಕೋಡನ್ನು ಮುಟ್ಟುವುದಿಲ್ಲವೆಂದು ಕಾಗದದಲ್ಲಿ ತೋರಿಸಬೇಕು. ತಿಂಗಳುಗಟ್ಟಲೆ ಎಂಜಿನಿಯರುಗಳನ್ನು ಕೂರಿಸುವ ಕೆಲಸ ಅದು, ಲೈಸೆನ್ಸೇ ಅಗ್ಗ. ಆದರೂ ಈ ಗೋಡೆಯಲ್ಲಿ ಬಿರುಕು ಬಿದ್ದಿದೆ: ರಸ್ಟ್ ಭಾಷೆಯ ಫೆರೋಸೀನ್ ಎಂಬ ಕಂಪೈಲರ್ ಆಕರ ಮುಕ್ತವಾಗಿಯೇ ಇದ್ದುಕೊಂಡು 2023ರಲ್ಲಿ ಐಎಸ್ಒ 26262 ಮನ್ನಣೆ ಪಡೆಯಿತು.

ಕೀಲ್‌ನ ಕೊರತೆಗಳೂ ಇವೆ. ಯುವಿಷನ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಲಿನಕ್ಸ್ ಅಥವಾ ಮ್ಯಾಕ್ ಬೇಕಿದ್ದರೆ ವಿಎಸ್ ಕೋಡ್ ಮೇಲೆ ಕೂರುವ ಹೊಸ ಕೀಲ್ ಸ್ಟುಡಿಯೋಗೆ ಹೋಗಬೇಕು. ಪ್ರಾಜೆಕ್ಟ್ ಫೈಲು ಎಕ್ಸ್‌ಎಂಎಲ್ ಆದ್ದರಿಂದ ಇಬ್ಬರು ಒಂದೇ ಸಲ ಫೈಲು ಸೇರಿಸಿದರೆ ಗಿಟ್‌ನಲ್ಲಿ ಮರ್ಜ್ ಮಾಡುವುದು ಪ್ರಯಾಸ. ಸಂಪಾದಕ ಹಳೆಯದು, ಹೆಸರು ಬದಲಿಸುವಂಥ ರಿಫ್ಯಾಕ್ಟರಿಂಗ್‌ಗೆ ಕೈಗೆಟಕುವ ನೆರವಿಲ್ಲ.

ಲೈಸೆನ್ಸಿನ ವಿಷಯದಲ್ಲಿ ಎರಡು ಬಾಗಿಲುಗಳು ತೆರೆದಿರುವುದು ಅನೇಕರಿಗೆ ತಿಳಿದಿಲ್ಲ. ವಾಣಿಜ್ಯೇತರ ಬಳಕೆಗೆ ಗಾತ್ರದ ಮಿತಿಯಿಲ್ಲದ ಕಮ್ಯುನಿಟಿ ಆವೃತ್ತಿ ಇದೆ. ಎಸ್‌ಟಿಎಂ32ರ ಎಫ್0, ಜಿ0, ಎಲ್0 ಸರಣಿಗಳಿಗೆ ಎಸ್‌ಟಿ ಕಂಪನಿಯ ಮೂಲಕ ಎಂಡಿಕೆ ಪುಕ್ಕಟೆ ಸಿಗುತ್ತದೆ. ಇವೆರಡೂ ಇರುವಾಗ ಲ್ಯಾಬಿನಲ್ಲಿ ಕೀಜೆನ್ (ಕಳ್ಳ ಲೈಸೆನ್ಸು ಹುಟ್ಟಿಸುವ ಪ್ರೋಗ್ರಾಮು) ಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದು ಕಾನೂನಿನ ಉಲ್ಲಂಘನೆ, ಆಂಟಿವೈರಸ್ ಮುಚ್ಚಿ ಓಡಿಸುವ ಆ ಪ್ರೋಗ್ರಾಮು ಇಡೀ ಲ್ಯಾಬಿನ ಕಂಪ್ಯೂಟರುಗಳಿಗೆ ಮಾಲ್‌ವೇರ್ ತರುವ ದಾರಿಯೂ ಹೌದು. ಆದರೆ ಕಮ್ಯುನಿಟಿ ಆವೃತ್ತಿಯಲ್ಲಿ ಕಲಿತು ಅದರಲ್ಲೇ ಕಟ್ಟಿದ ಫರ್ಮ್‌ವೇರನ್ನು ಮಾರಾಟದ ಸಾಮಾನಿಗೆ ಹಾಕುವಂತಿಲ್ಲ. ಸ್ಟಾರ್ಟಪ್ ಮಾಡುವವರು ಇಲ್ಲಿ ಎಡವುತ್ತಾರೆ.

ಕೀಲ್‌ನಿಂದ ಜಿಸಿಸಿಗೆ: ಏನು ಮುರಿಯುತ್ತದೆ, ಏಕೆ

ಒಂದೇ ಜಿಗಿತ ಬೇಡ. ಪ್ರಾಜೆಕ್ಟ್ ಇನ್ನೂ ಕಂಪೈಲರ್ 5ರಲ್ಲಿದ್ದರೆ ಮೊದಲು ಯುವಿಷನ್ ಒಳಗೇ ಕಂಪೈಲರ್ 6ಕ್ಕೆ ಬದಲಿಸಿ, ಬೋರ್ಡಿನ ಮೇಲೆ ಓಡಿಸಿ ನೋಡಿ. ಕಂಪೈಲರ್ 6 ಇನ್‌ಲೈನ್ ಅಸೆಂಬ್ಲಿಗೆ ಬಳಸುವುದು ಜಿಎನ್‌ಯು ಶೈಲಿಯನ್ನೇ, ಹಾಗಾಗಿ ಅರ್ಧ ದಾರಿ ಇಲ್ಲೇ ಸವೆಯುತ್ತದೆ. ಈ ಹಂತದಲ್ಲಿ ಹೊರಬೀಳುವ ತಪ್ಪುಗಳಲ್ಲಿ ಮುಖ್ಯವಾದದ್ದು ವೊಲಟೈಲ್ (ಪ್ರತಿಸಲ ಮೆಮೊರಿಯಿಂದಲೇ ಓದು ಎಂಬ ಸೂಚನೆ) ಮರೆತ ಫ್ಲ್ಯಾಗುಗಳು. ಇಂಟರಪ್ಟ್ ಹ್ಯಾಂಡ್ಲರ್ ಒಂದು ವೇರಿಯಬಲ್ಲನ್ನು 1 ಮಾಡುತ್ತದೆ, ಮೇನ್ ಒಳಗಿನ ಲೂಪು ಅದಕ್ಕಾಗಿ ಕಾಯುತ್ತದೆ. ಹಳೆಯ ಕಂಪೈಲರ್ ಅದನ್ನು ಪ್ರತಿಸಲ ಮೆಮೊರಿಯಿಂದ ಓದುತ್ತಿದ್ದಿರಬಹುದು. ಹೊಸದು ಒಮ್ಮೆ ಓದಿ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳುತ್ತದೆ, ಲೂಪು ಎಂದೂ ಮುಗಿಯುವುದಿಲ್ಲ. ‘ಜಿಸಿಸಿಯಲ್ಲಿ ಕೋಡು ಓಡುವುದಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟರ ಮೂಲ ಇದು, ತಪ್ಪು ಮೊದಲಿನಿಂದಲೂ ಕೋಡಿನಲ್ಲೇ ಇತ್ತು. ವಿಳಂಬಕ್ಕೆಂದು ಬರೆದ ಖಾಲಿ ಫಾರ್ ಲೂಪುಗಳದೂ ಇದೇ ಪಾಡು, ಆಪ್ಟಿಮೈಸೇಶನ್ ಹಾಕಿದರೆ ಜಿಸಿಸಿ ಅವನ್ನು ಅಳಿಸಿಯೇ ಹಾಕುತ್ತದೆ. ವಿಳಂಬಕ್ಕೆ ಸಿಸ್‌ಟಿಕ್ ಅಥವಾ ಟೈಮರ್ ಬಳಸಿ.

ಮುಂದಿನ ಕೆಲಸ ಕೀಲ್‌ಗೇ ಮೀಸಲಾದ ಪದಗಳನ್ನು ತೆಗೆಯುವುದು. ಪ್ಯಾಕ್ಡ್ ಸ್ಟ್ರಕ್ಟ್, ವೀಕ್, ಇನ್‌ಲೈನ್ ಮುಂತಾದವಕ್ಕೆ ಆರ್ಮ್‌ನ ಸಿಎಂಸಿಸ್ ಎಂಬ ಸಾಮಾನ್ಯ ತಲೆಫೈಲಿನಲ್ಲಿ ಎಲ್ಲ ಕಂಪೈಲರ್‌ಗಳಿಗೂ ಒಂದೇ ಮ್ಯಾಕ್ರೋಗಳಿವೆ, ಅವನ್ನೇ ಬಳಸಿ. ನಿಗದಿತ ವಿಳಾಸದಲ್ಲಿ ವೇರಿಯಬಲ್ ಇಡುವ ‘ಅಟ್’ ಗುಣವಿಶೇಷಣ ಜಿಸಿಸಿಯಲ್ಲಿ ಇಲ್ಲ. ಅದಕ್ಕೆ ವೇರಿಯಬಲ್ಲನ್ನು ಒಂದು ಹೆಸರಿನ ಸೆಕ್ಷನ್‌ಗೆ ಹಾಕಿ, ಆ ಸೆಕ್ಷನ್ ಎಲ್ಲಿ ಕೂರಬೇಕೆಂದು ಲಿಂಕರ್ ಸ್ಕ್ರಿಪ್ಟಿನಲ್ಲಿ ಹೇಳಬೇಕು.

ಚಿಪ್ ಎದ್ದ ಕೂಡಲೇ ಓಡುವ ಸ್ಟಾರ್ಟಪ್ ಫೈಲನ್ನು ಬದಲಿಸಲು ಹೋಗಬೇಡಿ, ಹೊಸದನ್ನೇ ತನ್ನಿ. ಕೀಲ್‌ನ ಫೈಲು ಆರ್ಮ್ ಅಸೆಂಬ್ಲರ್ ಭಾಷೆಯಲ್ಲಿದೆ, ಜಿಎನ್‌ಯು ಅಸೆಂಬ್ಲರ್‌ಗೆ ಅದು ಅರ್ಥವಾಗದು. ಚಿಪ್ ತಯಾರಕರ ಪ್ಯಾಕೇಜಿನಲ್ಲಿ ಜಿಸಿಸಿಗೆಂದೇ ಬೇರೆ ಸ್ಟಾರ್ಟಪ್ ಇರುತ್ತದೆ. ಅದರೊಳಗೆ ನಾಲ್ಕು ಕೆಲಸ ಆಗುತ್ತಿವೆಯೇ ನೋಡಿ: ಆರಂಭಿಕ ಬೆಲೆಯಿರುವ ಡೇಟಾವನ್ನು ಫ್ಲ್ಯಾಶಿನಿಂದ ರ‍್ಯಾಮಿಗೆ ನಕಲಿಸುವುದು, ಬಿಎಸ್‌ಎಸ್ (ಆರಂಭಿಕ ಬೆಲೆಯಿಲ್ಲದ ಡೇಟಾ) ಭಾಗವನ್ನು ಸೊನ್ನೆ ಮಾಡುವುದು, ಸಿಸ್ಟಮ್‌ಇನಿಟ್ ಕರೆಯುವುದು, ಸಿ++ ಕನ್‌ಸ್ಟ್ರಕ್ಟರುಗಳಿಗಾಗಿ ಲಿಬ್‌ಸಿ ಇನಿಟ್ ಅರೇ ಕರೆಯುವುದು. ಕೀಲ್‌ನಲ್ಲಿ ಮೊದಲೆರಡನ್ನು ಲೈಬ್ರರಿಯ ಒಳಗಿನ ಎರಡು ಅಂಡರ್‌ಸ್ಕೋರಿನ ‘ಮೇನ್’ ಗುಟ್ಟಾಗಿ ಮಾಡುತ್ತಿತ್ತು, ಇಲ್ಲಿ ಅದು ಕಣ್ಣೆದುರೇ ಇರುತ್ತದೆ. ಸಿಸ್ಟಮ್‌ಇನಿಟ್ ತಪ್ಪಿದರೆ ಕಾರ್ಟೆಕ್ಸ್-ಎಂ4ರಲ್ಲಿ ದಶಮಾಂಶ ಲೆಕ್ಕದ ಎಫ್‌ಪಿಯು ಘಟಕ ಎಚ್ಚರವಾಗುವುದಿಲ್ಲ, ಮೊದಲ ಫ್ಲೋಟ್ ಸೂಚನೆಗೇ ಹಾರ್ಡ್‌ಫಾಲ್ಟ್ ಆಗಿ ಪ್ರೋಗ್ರಾಮು ನಿಲ್ಲುತ್ತದೆ.

ಕೋಡು, ಡೇಟಾ ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಕೀಲ್‌ನ ಸ್ಕ್ಯಾಟರ್ ಫೈಲಿನ ಜಾಗಕ್ಕೆ ಲಿಂಕರ್ ಸ್ಕ್ರಿಪ್ಟ್ ಬರುತ್ತದೆ. ಎಸ್‌ಟಿಎಂ32ಎಫ್407ವಿಜಿ ಉದಾಹರಣೆ ತೆಗೆದುಕೊಂಡರೆ ಫ್ಲ್ಯಾಶ್ ಹೆಕ್ಸ್ 08000000ರಿಂದ 1024 ಕಿಲೋಬೈಟ್, ಮುಖ್ಯ ರ‍್ಯಾಮ್ 20000000ರಿಂದ 128 ಕಿಲೋಬೈಟ್, ಸಿಸಿಎಂ ರ‍್ಯಾಮ್ 10000000ರಿಂದ 64 ಕಿಲೋಬೈಟ್. ಸಿಸಿಎಂ ವೇಗದ್ದು, ಖಾಲಿ ಬಿದ್ದಿದೆ ಎಂದು ಎಡಿಸಿ ಬಫರನ್ನು ಅಲ್ಲಿ ಇಟ್ಟರೆ ಡಿಎಂಎ (ಸಿಪಿಯು ನೆರವಿಲ್ಲದೆ ಡೇಟಾ ಸಾಗಿಸುವ ಘಟಕ) ಒಂದು ಬೈಟೂ ಬರೆಯುವುದಿಲ್ಲ. ಡಿಎಂಎಗೆ ಆ ಮೆಮೊರಿಗೆ ದಾರಿಯೇ ಇಲ್ಲ. ಸ್ಕ್ರಿಪ್ಟಿನಲ್ಲಿ ಬರೆದ ಕನಿಷ್ಠ ಸ್ಟ್ಯಾಕ್ ಗಾತ್ರ ಲಿಂಕ್ ಮಾಡುವಾಗ ಜಾಗ ಇದೆಯೇ ಎಂದು ನೋಡಲು ಮಾತ್ರ. ಓಡುವಾಗ ಸ್ಟ್ಯಾಕ್ ಅದನ್ನು ದಾಟಿ ಹೀಪಿಗೆ ನುಗ್ಗಿದರೆ ಯಾರೂ ತಡೆಯುವುದಿಲ್ಲ.

ಕಂಪೈಲ್ ಆಯ್ಕೆಗಳಲ್ಲಿ ಹೆಚ್ಚು ತಲೆನೋವು ಕೊಡುವುದು ಫ್ಲೋಟ್-ಎಬಿಐ, ಅಂದರೆ ದಶಮಾಂಶ ಸಂಖ್ಯೆಗಳನ್ನು ಫಂಕ್ಷನ್‌ಗೆ ಕಳಿಸುವ ರೀತಿ. ಎಂ4ಕ್ಕೆ ‘ಹಾರ್ಡ್’ ಎಂದು ಕೊಟ್ಟು, ಸಾಫ್ಟ್ ಆಯ್ಕೆಯಲ್ಲಿ ಕಟ್ಟಿದ ಹಳೆಯ ಲೈಬ್ರರಿಯನ್ನು ಸೇರಿಸಿದರೆ, ಒಂದು ಫೈಲು ವಿಎಫ್‌ಪಿ ರಿಜಿಸ್ಟರಿನಲ್ಲಿ ಆರ್ಗ್ಯುಮೆಂಟ್ ಕಳಿಸುತ್ತದೆ, ಇನ್ನೊಂದು ಕಳಿಸುವುದಿಲ್ಲ ಎಂದು ಲಿಂಕರ್ ದೂರುತ್ತದೆ. ಎಲ್ಲ ಫೈಲಿಗೂ, ಲಿಂಕ್ ಹಂತಕ್ಕೂ ಒಂದೇ ಸಿಪಿಯು, ಒಂದೇ ಎಫ್‌ಪಿಯು, ಒಂದೇ ಎಬಿಐ ಆಯ್ಕೆ ಕೊಡಿ. ಲಿಂಕ್ ಹಂತದಲ್ಲಿ ಕೊಡುವುದನ್ನು ಮರೆತರೆ ತಪ್ಪು ಲೈಬ್ರರಿ ಆಯ್ಕೆಯಾಗಿ ಹಾರ್ಡ್‌ಫಾಲ್ಟ್ ಬರುತ್ತದೆ.

ಗಾತ್ರಕ್ಕೆ ಬಂದರೆ, ಯಾವ ಆಯ್ಕೆಯನ್ನೂ ಕೊಡದೆ ಜಿಸಿಸಿಯಲ್ಲಿ ಕಟ್ಟಿ ‘ಕೀಲ್‌ಗಿಂತ ದಪ್ಪ’ ಎನ್ನುವುದು ನ್ಯಾಯವಲ್ಲ. ಮೂರು ಸಂಗತಿ ಸೇರಿಸಿ. ಕಂಪೈಲರ್‌ಗೆ ಫಂಕ್ಷನ್-ಸೆಕ್ಷನ್ಸ್ ಮತ್ತು ಡೇಟಾ-ಸೆಕ್ಷನ್ಸ್, ಲಿಂಕರ್‌ಗೆ ಜಿಸಿ-ಸೆಕ್ಷನ್ಸ್: ಯಾರೂ ಕರೆಯದ ಫಂಕ್ಷನ್‌ಗಳು ಉದುರಿಹೋಗುತ್ತವೆ. ಆಪ್ಟಿಮೈಸೇಶನ್ ‘ಓ-ಎಸ್’. ಜೊತೆಗೆ ನ್ಯಾನೋ ಸ್ಪೆಕ್ಸ್ ಆಯ್ಕೆ, ಅಂದರೆ ದೊಡ್ಡ ಸಿ ಲೈಬ್ರರಿಯಾದ ನ್ಯೂಲಿಬ್ ಬದಲು ನ್ಯೂಲಿಬ್-ನ್ಯಾನೋ. ಇದರಲ್ಲಿ ಪ್ರಿಂಟ್‌ಎಫ್ ಫ್ಲೋಟ್ ಸಂಖ್ಯೆ ಮುದ್ರಿಸುವುದಿಲ್ಲ, ಶೇಕಡಾ ಎಫ್ ಇರುವ ಕಡೆ ಖಾಲಿ ಬರುತ್ತದೆ. ಬೇಕೇ ಬೇಕಿದ್ದರೆ ‘ಪ್ರಿಂಟ್‌ಎಫ್ ಫ್ಲೋಟ್’ ಚಿಹ್ನೆಯನ್ನು ಲಿಂಕರ್‌ಗೆ ಬಲವಂತವಾಗಿ ಎಳೆಸಬೇಕು, ಅದಕ್ಕೆ ಫ್ಲ್ಯಾಶಿನಲ್ಲಿ ಕಿಲೋಬೈಟುಗಟ್ಟಲೆ ತೆರಬೇಕು. ತಾಪಮಾನ ತೋರಿಸಲಷ್ಟೇ ಆದರೆ ಹತ್ತರಿಂದ ಗುಣಿಸಿ ಪೂರ್ಣಾಂಕವಾಗಿ ಮುದ್ರಿಸುವುದು ಎಲ್ಲಕ್ಕಿಂತ ಅಗ್ಗ.

ಗಾತ್ರ ಓದುವ ಕ್ರಮವೂ ಬೇರೆ. ಕೀಲ್ ಬಿಲ್ಡ್ ಮುಗಿದಾಗ ಕೋಡ್, ಆರ್‌ಒ (ಬದಲಾಗದ ಡೇಟಾ), ಆರ್‌ಡಬ್ಲ್ಯು (ಆರಂಭಿಕ ಬೆಲೆಯ ಡೇಟಾ), ಝೆಡ್‌ಐ (ಸೊನ್ನೆಯಿಂದ ಶುರುವಾಗುವ ಡೇಟಾ) ಎಂದು ನಾಲ್ಕು ಅಂಕೆ ಕೊಡುತ್ತದೆ. ಮೊದಲ ಮೂರರ ಮೊತ್ತ ಫ್ಲ್ಯಾಶಿಗೆ, ಕೊನೆಯ ಎರಡರ ಮೊತ್ತ ರ‍್ಯಾಮಿಗೆ. ಜಿಸಿಸಿಯ ಸೈಜ್ ಉಪಕರಣ ಟೆಕ್ಸ್ಟ್, ಡೇಟಾ, ಬಿಎಸ್‌ಎಸ್ ಎನ್ನುತ್ತದೆ. ಟೆಕ್ಸ್ಟ್ ಮತ್ತು ಡೇಟಾ ಕೂಡಿದರೆ ಫ್ಲ್ಯಾಶ್, ಡೇಟಾ ಮತ್ತು ಬಿಎಸ್‌ಎಸ್ ಕೂಡಿದರೆ ರ‍್ಯಾಮ್. ಆರಂಭಿಕ ಡೇಟಾವನ್ನು ಕೀಲ್‌ನ ಲಿಂಕರ್ ಕುಗ್ಗಿಸಿ ಇಡುವುದರಿಂದ ಅಂಕೆಗಳು ತಾಳೆಯಾಗದಿದ್ದರೆ ಗಾಬರಿ ಬೇಡ.

ಪ್ರಿಂಟ್‌ಎಫ್ ಅನ್ನು ಸೀರಿಯಲ್ ಪೋರ್ಟಿಗೆ ತಿರುಗಿಸಲು ಕೀಲ್‌ನಲ್ಲಿ ಎಫ್‌ಪುಟ್‌ಸಿ ಬರೆಯುತ್ತೀರಿ, ಇಲ್ಲಿ ಅಂಡರ್‌ಸ್ಕೋರ್ ರೈಟ್ ಬರೆಯಬೇಕು. ಕೀಲ್‌ನಲ್ಲೇ ಇರುವ ಒಂದು ಹಳೆಯ ಬಲೆಯನ್ನೂ ಹೇಳಿಬಿಡಬೇಕು. ಮೈಕ್ರೋಲಿಬ್ ಗುರುತು ಹಾಕದೆ, ಪ್ರಿಂಟ್‌ಎಫ್ ತಿರುಗಿಸದೆ ಬಿಟ್ಟರೆ ಕೋಡು ಸೆಮಿಹೋಸ್ಟಿಂಗ್ (ಡಿಬಗರ್ ಮೂಲಕ ಕಂಪ್ಯೂಟರಿಗೆ ಮುದ್ರಿಸುವ ದಾರಿ) ಬಳಸುತ್ತದೆ. ಡಿಬಗರ್ ಸಿಕ್ಕಿಸಿದ್ದಾಗ ಎಲ್ಲ ಸರಿ, ಕೇಬಲ್ ಕಿತ್ತು ಪವರ್ ಕೊಟ್ಟರೆ ಬೋರ್ಡು ಸತ್ತಂತೆ ಕೂರುತ್ತದೆ. ಬ್ರೇಕ್‌ಪಾಯಿಂಟ್ ಸೂಚನೆಗೆ ಉತ್ತರಿಸುವವರು ಅಲ್ಲಿ ಯಾರೂ ಇರುವುದಿಲ್ಲ. ಫ್ರೀಆರ್‌ಟಿಒಎಸ್ ಎಂಬ ಮುಕ್ತ ರಿಯಲ್-ಟೈಮ್ ಓಎಸ್ ಜೊತೆ ನ್ಯೂಲಿಬ್ ಪ್ರಿಂಟ್‌ಎಫ್ ಅನ್ನು ಹಲವು ಟಾಸ್ಕುಗಳಿಂದ ಕರೆಯುವವರು ನ್ಯೂಲಿಬ್ ರೀಎಂಟ್ರೆಂಟ್ ಆಯ್ಕೆ ಹಾಕಿಕೊಳ್ಳಬೇಕು, ಪ್ರತಿ ಟಾಸ್ಕಿನ ಸ್ಟ್ಯಾಕನ್ನೂ ಹಿಗ್ಗಿಸಬೇಕು.

ಬೋರ್ಡಿಗೆ ಸೇರಿಸುವುದು

ಮುಕ್ತ ದಾರಿಯಲ್ಲಿ ಡಿಬಗ್ ಮಾಡಲು ಮೂರು ಪದರ ಬೇಕು: ಎಸ್‌ಟಿ-ಲಿಂಕ್ ಅಥವಾ ಸಿಎಂಸಿಸ್-ಡ್ಯಾಪ್ ಪ್ರೋಬು (ಕಂಪ್ಯೂಟರಿಗೂ ಬೋರ್ಡಿಗೂ ನಡುವಿನ ಸಾಧನ), ಅದರೊಡನೆ ಮಾತಾಡುವ ಓಪನ್ಒಸಿಡಿ ಇಲ್ಲವೇ ಪೈಒಸಿಡಿ, ಮೇಲೆ ಜಿಡಿಬಿ ಎಂಬ ಡಿಬಗರ್. ಓಪನ್ಒಸಿಡಿ 2005ರಲ್ಲಿ ಡೊಮಿನಿಕ್ ರಾತ್ ಎಂಬ ವಿದ್ಯಾರ್ಥಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಮಾಡಿದ ಡಿಪ್ಲೊಮಾ ಪ್ರಬಂಧದಿಂದ ಬೆಳೆದದ್ದು. ಅದಕ್ಕೆ ಇಂಟರ್‌ಫೇಸ್ ಫೈಲು ಒಂದು, ಟಾರ್ಗೆಟ್ ಫೈಲು ಒಂದು ಕೊಟ್ಟರೆ 3333ನೇ ಪೋರ್ಟಿನಲ್ಲಿ ಜಿಡಿಬಿಗಾಗಿ ಕಾಯುತ್ತದೆ. ವಿಎಸ್ ಕೋಡ್‌ಗೆ ಕಾರ್ಟೆಕ್ಸ್-ಡಿಬಗ್ ಎಕ್ಸ್‌ಟೆನ್ಷನ್ ಹಾಕಿ, ಚಿಪ್ಪಿನ ರಿಜಿಸ್ಟರುಗಳ ವಿವರವಿರುವ ಎಸ್‌ವಿಡಿ ಫೈಲು ಎಲ್ಲಿದೆ ಎಂದು ತೋರಿಸಿದರೆ ಕೀಲ್‌ನಲ್ಲಿದ್ದಂತೆಯೇ ಪೆರಿಫೆರಲ್ ರಿಜಿಸ್ಟರುಗಳು ಕಾಣುತ್ತವೆ. ಎಸ್‌ವಿಡಿ ಕೊಡದೆ ‘ರಿಜಿಸ್ಟರ್ ಕಾಣುವುದಿಲ್ಲ’ ಎಂದು ಕೀಲ್‌ಗೆ ಮರಳುವವರು ಬಹಳ. ಆ ಫೈಲು ಕೀಲ್ ಪ್ಯಾಕಿನ ಒಳಗೇ ಇರುತ್ತದೆ.

ಲಿನಕ್ಸ್‌ನಲ್ಲಿ ಮೊದಲು ಎದುರಾಗುವುದು ಲಿಬ್‌ಯುಎಸ್‌ಬಿ ಆಕ್ಸೆಸ್ ದೋಷ. ಸುಡೋ ಹಾಕಿ ಓಡಿಸುವುದು ಪರಿಹಾರವಲ್ಲ. ಓಪನ್ಒಸಿಡಿ ಜೊತೆ ಬರುವ ಯುಡೆವ್ ನಿಯಮದ ಫೈಲನ್ನು ಅದರ ಜಾಗಕ್ಕೆ ನಕಲಿಸಿ, ನಿಯಮಗಳನ್ನು ಮತ್ತೆ ಲೋಡ್ ಮಾಡಿಸಿ, ಪ್ರೋಬನ್ನು ಕಿತ್ತು ಮತ್ತೆ ಚುಚ್ಚಿ.

ಎರಡನೆಯದು ನಕಲಿ ಚಿಪ್ಪು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಕೊಳ್ಳುವ ಅಗ್ಗದ ಬ್ಲೂ ಪಿಲ್ ಬೋರ್ಡಿನ ಮೇಲೆ ಎಸ್‌ಟಿಎಂ32ಎಫ್103 ಎಂದು ಬರೆದಿದ್ದರೂ ಒಳಗೆ ಬೇರೆ ಕಂಪನಿಯ ತದ್ರೂಪಿ ಇರುವುದುಂಟು. ಓಪನ್ಒಸಿಡಿ ಅನಿರೀಕ್ಷಿತ ಐಡಿ ಕೋಡ್ ಎಂದು ನಿಲ್ಲಿಸುತ್ತದೆ. ನಿಜವಾದ ಚಿಪ್ಪಿನ ಕೋಡು 1ರಿಂದ ಶುರುವಾದರೆ ತದ್ರೂಪಿಯದು 2ರಿಂದ. ಟಾರ್ಗೆಟ್ ಫೈಲು ಓದುವ ಮುನ್ನ ಸಿಪಿಯುಟ್ಯಾಪ್‌ಐಡಿ ಬೆಲೆಯನ್ನು ಚಿಪ್ ಹೇಳುತ್ತಿರುವಂತೆ ಬದಲಿಸಿದರೆ ಕೆಲಸ ಮುಂದುವರಿಯುತ್ತದೆ. ಎಸ್‌ಟಿಎಂ32ಕ್ಯೂಬ್‌ಐಡಿಇ ಮಾತ್ರ ಇದು ಎಸ್‌ಟಿ ಚಿಪ್ ಅಲ್ಲ ಎಂದು ಸಂಪರ್ಕವನ್ನೇ ಕಡಿದುಹಾಕುತ್ತದೆ. ಕಲಿಕೆಗೆ ತದ್ರೂಪಿ ಸಾಕು, ಗಿರಾಕಿಗೆ ಕೊಡುವ ಸಾಮಾನಿಗೆ ಬೇಡ.

ಮೂರನೆಯದು ಒಮ್ಮೆ ಪ್ರೋಗ್ರಾಂ ಆದ ಮೇಲೆ ಮತ್ತೆ ಸಂಪರ್ಕ ಸಿಗದಿರುವುದು. ಆರಂಭಿಕ ಕೋಡು ಹುಟ್ಟಿಸುವ ಎಸ್‌ಟಿಯ ಕ್ಯೂಬ್‌ಎಂಎಕ್ಸ್‌ನಲ್ಲಿ ಎಫ್103ಕ್ಕೆ ಸಿಸ್ಟಮ್ ಡಿಬಗ್ ಆಯ್ಕೆಯನ್ನು ‘ಸೀರಿಯಲ್ ವೈರ್’ ಮಾಡದೆ ಬಿಟ್ಟರೆ, ಹುಟ್ಟುವ ಕೋಡೇ ಡಿಬಗರ್ ಸೇರುವ ಎಸ್‌ಡಬ್ಲ್ಯುಡಿ ಪಿನ್ನುಗಳನ್ನು ಮುಚ್ಚುತ್ತದೆ. ಬೂಟ್0 ಜಂಪರನ್ನು 1ಕ್ಕೆ ಹಾಕಿ ರೀಸೆಟ್ ಒತ್ತಿ, ಆಗ ಬಳಕೆದಾರನ ಕೋಡು ಓಡುವುದಿಲ್ಲ, ಫ್ಲ್ಯಾಶ್ ಅಳಿಸಬಹುದು. ರೀಸೆಟ್ ತಂತಿ ಜೋಡಿಸಿದ್ದರೆ ರೀಸೆಟ್ ಹಿಡಿದುಕೊಂಡೇ ಸಂಪರ್ಕಿಸುವ ಆಯ್ಕೆಯೂ ನಡೆಯುತ್ತದೆ.

ಈ ಕಷ್ಟಗಳನ್ನು ಬಿಡಿಸಿಕೊಳ್ಳಲು ಒಂದೆರಡು ದಿನ ಬೇಕು. ದುಡ್ಡು ಕೊಟ್ಟ ಕೀಲ್‌ನಲ್ಲಿ ಅರ್ಧ ಗಂಟೆ ಸಾಕು. ಈ ವ್ಯತ್ಯಾಸ ನಿಜ, ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಒಮ್ಮೆ ಸರಿಹೊಂದಿಸಿದ ಮೇಲೆ ಮಾತ್ರ ಅದೇ ಮೇಕ್‌ಫೈಲು ವಿಂಡೋಸಿನಲ್ಲೂ, ಲಿನಕ್ಸಿನಲ್ಲೂ, ಸರ್ವರಿನ ಸ್ವಯಂಚಾಲಿತ ಬಿಲ್ಡಿನಲ್ಲೂ ಓಡುತ್ತದೆ, ಐದು ಜನಕ್ಕಾದರೂ ಐವತ್ತು ಜನಕ್ಕಾದರೂ ಬೇರೆ ಲೈಸೆನ್ಸು ಬೇಡ.

8051: ಇಲ್ಲಿ ಕೀಲ್ ಮುಂದೆ

ಸಿ51ರ ಉಚಿತ ಆವೃತ್ತಿಯ ಮಿತಿ 2 ಕಿಲೋಬೈಟ್ ಮಾತ್ರ. ಮೀರಿದರೆ ಎಲ್250 ದೋಷ. ಎಟಿ89ಎಸ್52ರಲ್ಲಿ 8 ಕಿಲೋಬೈಟ್ ಫ್ಲ್ಯಾಶ್ ಇರುವಾಗ ಇದು ಉಸಿರುಗಟ್ಟಿಸುತ್ತದೆ. ಮುಕ್ತ ಪರ್ಯಾಯ ಎಸ್‌ಡಿಸಿಸಿ, ಸಂದೀಪ್ ದತ್ತಾ ಶುರುಮಾಡಿದ ಯೋಜನೆ. ಗಾತ್ರದ ಮಿತಿಯಿಲ್ಲ, ಲಿನಕ್ಸಿನಲ್ಲೂ ಓಡುತ್ತದೆ, ಬರುವ ಐಎಚ್‌ಎಕ್ಸ್ ಫೈಲನ್ನು ಪ್ಯಾಕ್‌ಐಎಚ್‌ಎಕ್ಸ್ ಮೂಲಕ ಹೆಕ್ಸ್ ಮಾಡಿಕೊಂಡರೆ ಆಯಿತು. ಎಸ್‌ಟಿಸಿ89ಸಿ52 ಇದ್ದರೆ ಸೀರಿಯಲ್ ಪೋರ್ಟಿನಿಂದಲೇ ತುಂಬಲು ಎಸ್‌ಟಿಸಿಗ್ಯಾಲ್ ಎಂಬ ಮುಕ್ತ ಉಪಕರಣವಿದೆ. ಅದು ಕಾಯುತ್ತಿರುವಾಗ ಬೋರ್ಡಿನ ಪವರ್ ತೆಗೆದು ಮತ್ತೆ ಕೊಡಬೇಕು, ರೀಸೆಟ್ ಗುಂಡಿ ಒತ್ತಿದರೆ ಸಾಲದು.

ಆದರೆ ಕೀಲ್ ಕೋಡು ಇದ್ದಹಾಗೇ ಓಡುವುದಿಲ್ಲ. ಎಸ್‌ಬಿಟ್ ಬರೆಯುವ ರೀತಿ ಬೇರೆ, ಎಕ್ಸ್‌ಡೇಟಾ, ಕೋಡ್, ಇಂಟರಪ್ಟ್ ಪದಗಳ ಆರಂಭದಲ್ಲಿ ಎರಡು ಅಂಡರ್‌ಸ್ಕೋರ್ ಬೇಕು. ಇವನ್ನೆಲ್ಲ ಕಂಪೈಲರೇ ಎತ್ತಿ ತೋರಿಸುತ್ತದೆ. ಅಪಾಯಕಾರಿಯಾದವು ಬೇರೆ ನಾಲ್ಕು ಸಂಗತಿ.

ಇಂಟರಪ್ಟ್ ಫಂಕ್ಷನ್ ಬೇರೆ ಫೈಲಿನಲ್ಲಿದ್ದರೆ ಅದರ ಪ್ರೊಟೋಟೈಪ್ ಮೇನ್ ಇರುವ ಫೈಲಿಗೆ ಕಾಣಲೇಬೇಕು. ಇಲ್ಲದಿದ್ದರೆ ವೆಕ್ಟರ್ (ಇಂಟರಪ್ಟ್ ಬಂದಾಗ ಎಲ್ಲಿಗೆ ಜಿಗಿಯಬೇಕೆಂಬ ಸೂಚನೆ) ಹುಟ್ಟುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ, ಇಂಟರಪ್ಟ್ ಬಂದ ಕೂಡಲೇ ಪ್ರೋಗ್ರಾಮು ದಾರಿತಪ್ಪುತ್ತದೆ.

ಕೀಲ್‌ನಲ್ಲಿ ಬರಿಯ ಕ್ಯಾರ್ ಚಿಹ್ನೆಸಹಿತ, ಎಸ್‌ಡಿಸಿಸಿಯ ಈಚಿನ ಆವೃತ್ತಿಗಳಲ್ಲಿ ಚಿಹ್ನೆರಹಿತ. 7ರಿಂದ 0ಗೆ ಇಳಿಯುವ ‘ಸೊನ್ನೆಗಿಂತ ದೊಡ್ಡದು ಅಥವಾ ಸಮ’ ಎಂಬ ಲೂಪು ಇಲ್ಲಿ ಮುಗಿಯುವುದೇ ಇಲ್ಲ.

ಕೀಲ್ ಸಿ51 ಇಂಟ್ ಸಂಖ್ಯೆಯ ಮೇಲಿನ ಬೈಟನ್ನು ಮೊದಲು ಇಡುತ್ತದೆ, ಎಸ್‌ಡಿಸಿಸಿ ಕೆಳಗಿನ ಬೈಟನ್ನು. ಯೂನಿಯನ್ ಬಳಸಿ ಟೈಮರ್ ಬೆಲೆ ಒಡೆಯುವ ಕೋಡೂ, ಈಪ್ರಾಮ್‌ನಲ್ಲಿ ಹಳೆಯ ಫರ್ಮ್‌ವೇರ್ ಬರೆದಿಟ್ಟ ಸಂಖ್ಯೆಯೂ ತಿರುಗಾಮುರುಗಾ ಆಗುತ್ತವೆ.

ನಾಲ್ಕನೆಯದು ರ‍್ಯಾಮ್, ಕೀಲ್ ನಿಜವಾಗಿ ಗೆಲ್ಲುವ ಜಾಗ. 8051ರ ಒಳಗಿನ 128 ಅಥವಾ 256 ಬೈಟಿನಲ್ಲಿ ಎಲ್ಲ ಲೋಕಲ್ ವೇರಿಯಬಲ್‌ಗಳೂ ಹಿಡಿಯಬೇಕು. ಕೀಲ್‌ನ ಲಿಂಕರ್ ಇಡೀ ಪ್ರೋಗ್ರಾಮಿನ ಕರೆಗಳ ಮರವನ್ನು ನೋಡಿ, ಒಟ್ಟಿಗೆ ಎಂದೂ ಓಡದ ಫಂಕ್ಷನ್‌ಗಳ ವೇರಿಯಬಲ್‌ಗಳನ್ನು ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂರಿಸುತ್ತದೆ. ಎಸ್‌ಡಿಸಿಸಿ ಹಾಗೆ ಹಂಚಿಕೊಡುವುದು ಬೇರೆ ಯಾವುದನ್ನೂ ಕರೆಯದ ತುದಿಯ ಫಂಕ್ಷನ್‌ಗಳಿಗೆ ಮಾತ್ರ. ಕೀಲ್‌ನಲ್ಲಿ ಹಿಡಿದ ಪ್ರೋಗ್ರಾಮು ಎಸ್‌ಡಿಸಿಸಿಯಲ್ಲಿ ರ‍್ಯಾಮ್ ಸಾಲದೆ ನಿಲ್ಲುವುದು ಇದರಿಂದ. ಹೊರಗಿನ ರ‍್ಯಾಮ್ ಇದ್ದರೆ ಲಾರ್ಜ್ ಮಾಡೆಲ್ ಹಾಕಬಹುದು, ವೇಗ ಇಳಿಯುತ್ತದೆ. ಇಲ್ಲದಿದ್ದರೆ ಸ್ಥಿರ ಸ್ಟ್ರಿಂಗುಗಳನ್ನೆಲ್ಲ ಕೋಡ್ ಜಾಗಕ್ಕೆ ತಳ್ಳಿ, ಕರೆಗಳ ಆಳ ಕಡಿಮೆ ಮಾಡಬೇಕು. 8 ಕಿಲೋಬೈಟ್ ತುಂಬುವ ಉತ್ಪನ್ನವನ್ನು ಇನ್ನೂ 8051ರಲ್ಲಿ ಸಾಗಿಸುತ್ತಿರುವವರಿಗೆ ಸಿ51 ಲೈಸೆನ್ಸು ದುಡ್ಡಿಗೆ ಮೋಸವಲ್ಲ.

ವಿದ್ಯಾರ್ಥಿಗಳ ಕೋಡಿನಲ್ಲಿ ಇನ್ನೊಂದು: ಎಸ್‌ಡಿಸಿಸಿಯ ಪ್ರಿಂಟ್‌ಎಫ್ ಫ್ಲೋಟ್ ಕೊಟ್ಟರೆ ‘ನೋ ಫ್ಲೋಟ್’ ಎಂದು ಮುದ್ರಿಸಿ ಮುಂದೆ ಹೋಗುತ್ತದೆ. ಕೀಲ್‌ಗೆ ಹೊಂದಿಸಿದ ವಿಳಂಬದ ಲೂಪುಗಳೂ ಇಲ್ಲಿ ಬೇರೆ ಸಮಯ ತೆಗೆದುಕೊಳ್ಳುತ್ತವೆ. 11.0592 ಮೆಗಾಹರ್ಟ್ಸ್ ಕ್ರಿಸ್ಟಲಿನಲ್ಲಿ ಟೈಮರಿನ ಒಂದು ಎಣಿಕೆ 1.085 ಮೈಕ್ರೋಸೆಕೆಂಡ್. 50 ಮಿಲಿಸೆಕೆಂಡಿಗೆ 46080 ಎಣಿಕೆ ಬೇಕು, 65536ರಿಂದ ಕಳೆದರೆ 19456, ಅಂದರೆ ಟಿಎಚ್0ಗೆ ಹೆಕ್ಸ್ 4ಸಿ, ಟಿಎಲ್0ಗೆ 00. ಯಾವ ಕಂಪೈಲರ್ ಆದರೂ ಇದು ಬದಲಾಗುವುದಿಲ್ಲ.

ಎಲ್‌ಪಿಸಿ2148 ಬಗ್ಗೆ ಎರಡೇ ಮಾತು. ಅದು ಆರ್ಮ್7 ಆದ್ದರಿಂದ ಎಂಡಿಕೆ 5ರಲ್ಲಿ ಹಳೆಯ ಚಿಪ್‌ಗಳ ಲೆಗಸಿ ಪ್ಯಾಕ್ ಬೇರೆಯಾಗಿ ಹಾಕಿಕೊಳ್ಳಬೇಕು. ಜಿಸಿಸಿಯಲ್ಲಿ ಕಟ್ಟಿದ ಕೋಡು ತುಂಬಿದರೂ ಓಡದಿದ್ದರೆ ವೆಕ್ಟರ್ ಚೆಕ್‌ಸಮ್ ನೋಡಿ. ಹೆಕ್ಸ್ 14ನೇ ವಿಳಾಸದಲ್ಲಿ ಎಲ್ಲ ವೆಕ್ಟರುಗಳ ಮೊತ್ತ ಸೊನ್ನೆಯಾಗುವಂಥ ಬೆಲೆ ಇಲ್ಲದಿದ್ದರೆ ಚಿಪ್ಪಿನ ಬೂಟ್‌ಲೋಡರ್ ಪ್ರೋಗ್ರಾಮು ಇಲ್ಲವೆಂದು ತಿಳಿದು ಐಎಸ್‌ಪಿಯಲ್ಲೇ (ಪ್ರೋಗ್ರಾಮು ತುಂಬಿಸಿಕೊಳ್ಳುವ ಸ್ಥಿತಿಯಲ್ಲೇ) ಕೂರುತ್ತದೆ. ಎಲ್‌ಪಿಸಿ21ಐಎಸ್‌ಪಿ ಎಂಬ ಮುಕ್ತ ಉಪಕರಣ ಅದನ್ನು ತಾನೇ ಲೆಕ್ಕಹಾಕಿ ಬರೆಯುತ್ತದೆ. ಓಪನ್ಒಸಿಡಿಯಲ್ಲಾದರೆ ಫ್ಲ್ಯಾಶ್ ಬ್ಯಾಂಕಿನ ಸಾಲಿನಲ್ಲಿ ಚೆಕ್‌ಸಮ್ ಲೆಕ್ಕಹಾಕು ಎಂಬ ಆಯ್ಕೆ ಕೊಡಬೇಕು.

ಪರವಾನಗಿಯ ಭಯ, ನಾಳೆಯ ಭಯ

‘ಜಿಸಿಸಿ ಜಿಪಿಎಲ್ ಅಡಿಯಲ್ಲಿದೆ, ನಮ್ಮ ಕೋಡನ್ನೂ ಬಿಚ್ಚಿಡಬೇಕಾಗುತ್ತದೆ’ ಎಂಬ ಮಾತು ಸಣ್ಣ ಕಂಪನಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ತಪ್ಪು. ಕಂಪೈಲರ್ ಹುಟ್ಟಿಸಿದ ಕೋಡು ನಿಮ್ಮದೇ, ಜೊತೆಗೆ ಸೇರುವ ಲಿಬ್‌ಜಿಸಿಸಿಗೆ ರನ್‌ಟೈಮ್ ವಿನಾಯಿತಿ ಇದೆ, ಫ್ರೀಆರ್‌ಟಿಒಎಸ್ ಎಂಐಟಿ ಪರವಾನಗಿಯದು, ಕೀಲ್‌ನದೇ ಆರ್‌ಟಿಎಕ್ಸ್5 ಕೂಡ ಅಪಾಚೆ 2.0 ಅಡಿಯಲ್ಲಿ ಮುಕ್ತ. ನಿಗಾ ಇಡಬೇಕಾದದ್ದು ನೀವು ಅಂತರ್ಜಾಲದಿಂದ ಎತ್ತಿ ಹಾಕಿಕೊಂಡ ಲೈಬ್ರರಿಗಳ ಮೇಲೆ. ಎಸ್‌ಟಿಎಂ32ಕ್ಯೂಬ್‌ಐಡಿಇ ಪುಕ್ಕಟೆ, ಒಳಗಿರುವುದು ಎಕ್ಲಿಪ್ಸ್ ಮತ್ತು ಜಿಸಿಸಿ, ಹೊಸಬರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಅದು ಒಂದೇ ಕಂಪನಿಯ ಚಿಪ್ಪಿಗೆ ಕಟ್ಟಿಹಾಕುತ್ತದೆ. ಚಿಪ್ ಸಿಗದೆ ಬೇರೆ ಕಂಪನಿಯದಕ್ಕೆ ಬದಲಾಗಬೇಕಾದಾಗ ಮೇಕ್‌ಫೈಲು ಇಲ್ಲವೇ ಸಿಮೇಕ್‌ನಲ್ಲಿ ಬಿಲ್ಡ್ ಇಟ್ಟುಕೊಂಡವರಿಗೆ ಕೆಲಸ ಕಡಿಮೆ.

ಉತ್ಪನ್ನ ಹತ್ತು ವರ್ಷ ಬಾಳುವಂಥದ್ದಾದರೆ ಕಂಪೈಲರನ್ನೂ ಹತ್ತು ವರ್ಷ ಕಾಪಾಡಬೇಕು. ಬಾಡಿಗೆ ಲೈಸೆನ್ಸಿನ ಅವಧಿ ಮುಗಿದರೆ ಕೀಲ್‌ನಲ್ಲಿ ಹಳೆಯ ಪ್ರಾಜೆಕ್ಟನ್ನು ಮತ್ತೆ ಬಿಲ್ಡ್ ಮಾಡಲಾಗದು. ಕೊಳ್ಳುವಾಗಲೇ ಶಾಶ್ವತ ಲೈಸೆನ್ಸು ಸಿಗುತ್ತದೆಯೇ, ಕಂಪ್ಯೂಟರು ಕೆಟ್ಟರೆ ಅದನ್ನು ಬೇರೆಡೆಗೆ ಸಾಗಿಸುವ ಕ್ರಮವೇನು ಎಂದು ವಿತರಕರಿಂದ ಬರಹದಲ್ಲಿ ಕೇಳಿಕೊಳ್ಳಿ. ಜಿಸಿಸಿಯಾದರೆ, ಬಿಡುಗಡೆಗೆ ಬಳಸಿದ ನಿಖರ ಆವೃತ್ತಿಯ ಸಂಕುಚಿತ ಫೈಲನ್ನು ಆಕರದ ಜೊತೆಗೇ ಎತ್ತಿಡಿ, ‘ಇತ್ತೀಚಿನದು’ ಎಂದು ಬರೆದಿಡಬೇಡಿ. ಬಿಲ್ಡ್ ದಿನಾಂಕ ಮುದ್ರಿಸುವ ಡೇಟ್, ಟೈಮ್ ಮ್ಯಾಕ್ರೋಗಳನ್ನು ಕೋಡಿನಿಂದ ತೆಗೆಯಿರಿ. ಬಳಿಕ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಆಕರದಿಂದ ಮತ್ತೆ ಕಟ್ಟಿ, ಎರಡೂ ಬೈನರಿಗಳ ಎಸ್‌ಎಚ್‌ಎ-256 ಮೊತ್ತ ಒಂದೇ ಬರುತ್ತದೆಯೇ ನೋಡಿ. ಬರದಿದ್ದರೆ ಫೈಲುಗಳ ಪೂರ್ಣ ಹಾದಿ ಅಸರ್ಟ್ ಸಂದೇಶಗಳ ಮೂಲಕ ಬೈನರಿಗೆ ನುಗ್ಗಿದೆಯೇ ಎಂದು ಮೊದಲು ಹುಡುಕಿ.